ಹತ್ತು ವರ್ಷದ ಮಗುವಿಗೆ ಅಂಕ ಹಾಕುವವರು: ಮೈದಾನದ ಆಯ್ಕೆಯ ಹಳೆಯ ಕಥೆ

ಬೇಸಿಗೆ ಬಂತೆಂದರೆ ನಮ್ಮ ಕಳಸ, ಮೂಡಿಗೆರೆ ಕಡೆ ಊರೂರಿಗೂ ಒಂದು ಕ್ರಿಕೆಟ್ ಲೀಗ್. ಅದಕ್ಕೂ ಈಗ ಹರಾಜು ನಡೆಯುತ್ತದೆ. ಐಕಾನ್ ಆಟಗಾರ ಅಂತ ಒಬ್ಬನನ್ನು ಮೊದಲೇ ಹಿಡಿದಿಟ್ಟುಕೊಂಡು, ಉಳಿದವರನ್ನು ಪಾಯಿಂಟ್ ಲೆಕ್ಕದಲ್ಲಿ ಕೊಳ್ಳುತ್ತಾರೆ. ಕಡಿಮೆ ಪಾಯಿಂಟಿಗೆ ಹೋದವನು ಎರಡು ದಿನ ಮುಖ ಊದಿಸಿಕೊಂಡು ಓಡಾಡುತ್ತಾನೆ, ಆಮೇಲೆ ಮರೆಯುತ್ತಾನೆ. ಅದು ದೊಡ್ಡವರ ಆಟ. ಸೋತರೂ ಮಾರನೇ ದಿನ ತೋಟದ ಕೆಲಸ ಇದ್ದೇ ಇದೆ.

ಆದರೆ ಹತ್ತು ವರ್ಷದ ಮಗುವಿಗೂ ನಮ್ಮ ರಾಜ್ಯದಲ್ಲಿ ಹೀಗೆ ಅಂಕ ಹಾಕುತ್ತಾರೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿಗೆ 5ನೇ ತರಗತಿಗೆ ಮತ್ತು 8ನೇ ತರಗತಿಗೆ ಮಕ್ಕಳನ್ನು ಆರಿಸುವಾಗ ನಡೆಯುವುದು ಅದೇ. ಆರಿಸಿದರೆ ಊಟ, ವಸತಿ, ಶಾಲೆ, ಶೂ, ತರಬೇತುದಾರ ಎಲ್ಲವೂ ಸಿಗುತ್ತದೆ. ಲೈನ್ ಮನೆಯಲ್ಲಿರುವ ಕುಟುಂಬಕ್ಕೆ ಅದು ಸಣ್ಣ ಮಾತಲ್ಲ. ಆರಿಸದಿದ್ದರೆ ಏನು? ಆ ಮಗುವಿಗೆ ಒಂದು ಮಾತು ಗಟ್ಟಿಯಾಗಿ ತಲೆಗೆ ಹೋಗುತ್ತದೆ, ‘ನಾನು ಆಟಕ್ಕೆ ಆಗುವವನಲ್ಲ’ ಅಂತ. ಅದನ್ನು ತೀರ್ಮಾನಿಸಿದ್ದು ಒಂದು ಟೇಪು, ಒಂದು ಸ್ಟಾಪ್‌ವಾಚು, ಒಂದು ಬೆಳಗ್ಗೆ.

ಈ ಟೇಪು ಮತ್ತು ಸ್ಟಾಪ್‌ವಾಚು ನಮ್ಮಲ್ಲಿಗೆ ಎಲ್ಲಿಂದ ಬಂದವು, ಅದಕ್ಕೂ ಮೊದಲು ಹೇಗೆ ಆರಿಸುತ್ತಿದ್ದರು ಎನ್ನುವುದು ತಿಳಿದುಕೊಳ್ಳಬೇಕಾದ ವಿಷಯ ಅನ್ನಿಸಿತು.

ಈ ಕೆಲಸವನ್ನು ಜಗತ್ತಿನಲ್ಲೇ ಅತಿ ಜೋರಾಗಿ ಮಾಡುವವರು ಅಮೆರಿಕದವರು. ಅವರು ಫುಟ್‌ಬಾಲ್ ಅನ್ನುವ ಆಟ ನಮ್ಮದಲ್ಲ. ಮೊಟ್ಟೆಯಾಕಾರದ ಚೆಂಡು ಹಿಡಿದು, ಹೆಲ್ಮೆಟ್ ಹಾಕಿ ಗುದ್ದಾಡುವ ಆಟ. ಅಲ್ಲಿ ಹೈಸ್ಕೂಲಿನಲ್ಲಿ ಆಡುವ ಹುಡುಗರಿಗೆ ಹೋಟೆಲಿಗೆ ಕೊಡುವ ಹಾಗೆ ನಕ್ಷತ್ರ ಕೊಡುತ್ತಾರೆ. ಎರಡು ನಕ್ಷತ್ರ, ಮೂರು ನಕ್ಷತ್ರ, ತೀರಾ ಅಪರೂಪಕ್ಕೆ ಐದು. ಇದನ್ನೇ ಕಸುಬು ಮಾಡಿಕೊಂಡ ಕಂಪನಿಗಳಿವೆ. ಅವರ ಜನ ಆಟದ ವಿಡಿಯೊ ನೋಡುತ್ತಾರೆ, ಶಿಬಿರ ನಡೆಸುತ್ತಾರೆ, ಎತ್ತರ, ತೂಕ, ಓಟದ ವೇಗ ಬರೆದುಕೊಳ್ಳುತ್ತಾರೆ, ಯಾವ ಯಾವ ಕಾಲೇಜು ಆ ಹುಡುಗನ ಹಿಂದೆ ಬಿದ್ದಿದೆ ಎಂದು ನೋಡುತ್ತಾರೆ. ಐದು ನಕ್ಷತ್ರ ಬಿದ್ದವನ ಮನೆಗೆ ದೊಡ್ಡ ಕಾಲೇಜಿನ ಕೋಚ್‌ಗಳೇ ಬರುತ್ತಾರೆ. ಹಾಗಂತ ನಕ್ಷತ್ರ ಯಾವಾಗಲೂ ನಿಜ ಹೇಳಿಲ್ಲ. ಜೆ.ಜೆ. ವಾಟ್ ಎಂಬಾತನಿಗೆ ಹೈಸ್ಕೂಲಿನಲ್ಲಿ ಬಿದ್ದಿದ್ದು ಎರಡೇ ನಕ್ಷತ್ರ. ಆತ ಮುಂದೆ ಅಲ್ಲಿನ ವೃತ್ತಿಪರ ಲೀಗಿನಲ್ಲಿ ಮೂರು ಸಲ ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರನಾದ. ಆರನ್ ರಾಜರ್ಸ್‌ನನ್ನು ದೊಡ್ಡ ಕಾಲೇಜುಗಳು ಕಣ್ಣೆತ್ತಿಯೂ ನೋಡಲಿಲ್ಲ. ಸಣ್ಣದೊಂದು ಎರಡು ವರ್ಷದ ಕಾಲೇಜಿನಿಂದ ಶುರುಮಾಡಿ ಮೇಲೆ ಬಂದ.

ಒಂದು ವ್ಯತ್ಯಾಸ ನೋಡಿ. ಅವರು ನಕ್ಷತ್ರ ಕೊಡುವುದು ಹದಿನಾರು, ಹದಿನೇಳರ ಹುಡುಗರಿಗೆ, ನಾಲ್ಕಾರು ವರ್ಷದ ಆಟ ಕಣ್ಣೆದುರಿಗೆ ಇಟ್ಟುಕೊಂಡು. ಆದರೂ ತಪ್ಪುತ್ತಾರೆ. ನಾವು ಹತ್ತು ವರ್ಷಕ್ಕೇ ಅಳೆಯುತ್ತೇವೆ.

ಕಣ್ಣಳತೆಯ ಕಾಲ

ನಮ್ಮಲ್ಲಿ ಫುಟ್‌ಬಾಲ್ ಅಂದರೆ ಬೆಂಗಳೂರಿನ ದಂಡು ಪ್ರದೇಶ. ಬ್ರಿಟಿಷ್ ಸೈನಿಕರು ಆಡುತ್ತಿದ್ದರು, ಅಕ್ಕಪಕ್ಕದ ಬಡ ಕೇರಿಗಳ ಹುಡುಗರು ನೋಡಿ ಕಲಿತರು, ಬರಿಗಾಲಲ್ಲೇ. ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ 1937ರಲ್ಲಿ ಮುಂಬಯಿಗೆ ಹೋಗಿ ರೋವರ್ಸ್ ಕಪ್ ಗೆದ್ದುಕೊಂಡು ಬಂತು. ಅಲ್ಲಿಯವರೆಗೆ ಆ ಕಪ್ ಗೋರಾ ಪಲ್ಟನ್‌ಗಳ ಆಸ್ತಿಯಾಗಿತ್ತು. ಮರುವರ್ಷ ಮತ್ತೆ ಗೆದ್ದರು.

ಆ ಕಾಲದ ದೊಡ್ಡ ಮಾರುಕಟ್ಟೆ ಕಲ್ಕತ್ತ. ಅಲ್ಲಿನ ಕ್ಲಬ್ಬುಗಳಿಗೆ ದಕ್ಷಿಣದ ಆಟಗಾರರ ಮೇಲೆ ಕಣ್ಣು. ಈಸ್ಟ್ ಬೆಂಗಾಲ್ ಕ್ಲಬ್ಬಿನ ಜ್ಯೋತಿಷ್ ಚಂದ್ರ ಗುಹಾ ಎಂಬ ಅಧಿಕಾರಿ ಆಟಗಾರರನ್ನು ಹುಡುಕುವುದರಲ್ಲಿ ಹೆಸರುವಾಸಿ. 1940ರ ದಶಕದ ಕೊನೆಗೆ ಆ ಕ್ಲಬ್ಬಿನ ಮುಂಚೂಣಿಯಲ್ಲಿ ಐದು ಜನ ದಕ್ಷಿಣದವರೇ ಸೇರಿಕೊಂಡರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಬಂಗಾಳಿಗಳು ಅವರಿಗೆ ಇಟ್ಟ ಹೆಸರು ಪಂಚಪಾಂಡವರು. ಅವರಲ್ಲಿ ಅಹ್ಮದ್ ಖಾನ್ ಬೆಂಗಳೂರಿನವರು. 1948 ಮತ್ತು 1952ರ ಒಲಿಂಪಿಕ್ಸ್ ಎರಡರಲ್ಲೂ ಆಡಿದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-2ರಿಂದ ಸೋತಿತಲ್ಲ, ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಮೈಸೂರು ತಂಡದ ಆಟಗಾರ. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಫುಟ್‌ಬಾಲ್ ಗೋಲು ಅದು.

ಇವರನ್ನೆಲ್ಲ ಆರಿಸಿದ್ದು ಹೇಗೆ? ಯಾರೂ ಅವರ ಎತ್ತರ ಅಳೆಯಲಿಲ್ಲ. ಪಂದ್ಯ ನೋಡಿದರು, ಅಷ್ಟೆ. ಕೆಸರಲ್ಲಿ ಹೇಗೆ ಆಡುತ್ತಾನೆ, ಎರಡು ಗೋಲು ಹಿಂದೆ ಬಿದ್ದಾಗ ಹೇಗೆ ಆಡುತ್ತಾನೆ, ಕಾಲಿಗೆ ಪೆಟ್ಟು ಬಿದ್ದ ಮೇಲೆ ಹೇಗೆ ಆಡುತ್ತಾನೆ ಎಂದು ನೋಡಿದರು. ಒಬ್ಬರು ನೋಡಿ ಇನ್ನೊಬ್ಬರಿಗೆ ಹೇಳಿದರು. ನಮ್ಮ ಕಡೆ ದನ ಕೊಳ್ಳುವಾಗ ಹಿರಿಯರು ಹಲ್ಲು ನೋಡಿ, ನಡಿಗೆ ನೋಡಿ, ಎರಡು ಸುತ್ತು ಓಡಾಡಿಸಿ ಬೆಲೆ ಹೇಳುತ್ತಿದ್ದರಲ್ಲ, ಅಂಥದ್ದೇ ಕಣ್ಣು.

ಈ ಪದ್ಧತಿಗೆ ಇನ್ನೊಂದು ಮುಖವೂ ಇತ್ತು. ಐಟಿಐ, ಎಚ್‌ಎಎಲ್‌ನಂಥ ಸರ್ಕಾರಿ ಕಾರ್ಖಾನೆಗಳು ತಂಡ ಕಟ್ಟಿದವು. ಚೆನ್ನಾಗಿ ಆಡಿದರೆ ನೌಕರಿ. ಹಾಗಾಗಿ ಆಟಗಾರನಿಗೆ ಬಿದ್ದ ಅಂಕ ಅಂದರೆ ತಿಂಗಳ ಸಂಬಳ. ಮೈಸೂರು ರಾಜ್ಯ 1946-47, 1952-53, 1967-68 ಮತ್ತು 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿದ್ದು ಈ ಮೈದಾನಗಳ ಬಲದಿಂದ. ಆಮೇಲೆ ಮುಂದಿನ ಟ್ರೋಫಿಗೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಗೆದ್ದಿತು.

ಕಣ್ಣಳತೆಯನ್ನು ಹೊಗಳುವುದು ಸುಲಭ. ಆದರೆ ಆ ಕಣ್ಣು ಎಲ್ಲಿತ್ತು? ಬೆಂಗಳೂರಿನ ನಾಲ್ಕಾರು ಮೈದಾನಗಳ ಅಂಚಿನಲ್ಲಿ. ಕಲ್ಕತ್ತದ ಗುಹಾ ಅವರು ಬೆಂಗಳೂರು, ಹೈದರಾಬಾದ್ ಕಡೆ ನೋಡಿದರೇ ಹೊರತು ಕೊಟ್ಟಿಗೆಹಾರದ ಘಾಟಿ ಹತ್ತಿ ಯಾರೂ ಬರಲಿಲ್ಲ. ಬರುವುದಕ್ಕೆ ಕಾರಣವೂ ಇರಲಿಲ್ಲ, ಮೈದಾನವೇ ಇಲ್ಲದ ಕಡೆ ನೋಡುವುದಾದರೂ ಏನನ್ನು?

ಸ್ಟಾಪ್‌ವಾಚ್ ಬಂತು

1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಗೇಮ್ಸ್ ನಡೆಯಿತು. ಅದಾದ ಮೇಲೆ 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಹುಟ್ಟಿತು, ಎಲ್ಲರೂ ಸಾಯ್ ಅನ್ನುತ್ತಾರೆ. ಮರುವರ್ಷ ರಾಷ್ಟ್ರೀಯ ಕ್ರೀಡಾ ಪ್ರತಿಭಾ ಸ್ಪರ್ಧೆ ಎಂಬ ಯೋಜನೆ ಬಂತು. ಶಾಲಾ ಮಕ್ಕಳನ್ನು ಅವರು ಆಡುವ ಆಟದಿಂದ ಅಲ್ಲ, ದೇಹದ ಶಕ್ತಿಯಿಂದ ಆರಿಸುವ ಯೋಜನೆ. ಆಟ ಆಮೇಲೆ ಕಲಿಸಿದರಾಯಿತು, ಮೊದಲು ಕಚ್ಚಾ ಮಾಲು ಸಿಗಲಿ ಎಂಬ ಲೆಕ್ಕ. ಸೋವಿಯತ್ ರಷ್ಯಾ, ಪೂರ್ವ ಜರ್ಮನಿಗಳು ಚಿಕ್ಕ ಮಕ್ಕಳನ್ನು ಅಳೆದು ಪದಕ ಬೆಳೆಯುತ್ತಿದ್ದ ಕಾಲ ಅದು.

ಈ ಪದ್ಧತಿಯ ಒಳ್ಳೆಯ ಗುಣವನ್ನು ಒಪ್ಪಲೇಬೇಕು. ಕಣ್ಣಿಗೆ ಪರಿಚಯ ಬೇಕು, ಟೇಪಿಗೆ ಬೇಡ. ಮಗುವಿನ ಊರು, ಜಾತಿ, ಅಪ್ಪನ ಹೆಸರು ಕೇಳದೆ ಟೇಪು ಅಳೆಯುತ್ತದೆ. ಸಿಕ್ಕಿಂನ ಗುಡ್ಡದ ಹಳ್ಳಿಯೊಂದರ ಬೈಚುಂಗ್ ಭುಟಿಯಾ ಒಂಬತ್ತು ವರ್ಷಕ್ಕೆ ಸಾಯ್ ವಿದ್ಯಾರ್ಥಿವೇತನ ಪಡೆದು ಗ್ಯಾಂಗ್ಟಕ್‌ನ ಶಾಲೆಗೆ ಹೋದದ್ದು ಇಂಥ ದಾರಿಯಲ್ಲೇ. ನಮ್ಮ ಬೆಂಗಳೂರಿನ ಕಾರ್ಲ್ಟನ್ ಚಾಪ್ಮನ್ ಕೂಡ ಸಾಯ್ ಕೇಂದ್ರದಲ್ಲಿ ಕಲಿತು, 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿ, ಭಾರತ ತಂಡದ ನಾಯಕರಾದರು. ಭಾರತ ತಂಡದಲ್ಲಿ ಇಬ್ಬರೂ ಒಟ್ಟಿಗೆ ಆಡಿದವರು.

1987ರಲ್ಲಿ ಇನ್ನೊಂದು ಯೋಜನೆ ಶುರುವಾಯಿತು, ವಿಶೇಷ ಪ್ರದೇಶ ಕ್ರೀಡಾ ಯೋಜನೆ. ಕಾಡು, ಗುಡ್ಡ, ಕಡಲತೀರದ ಜನರಲ್ಲಿ ಪ್ರತಿಭೆ ಹುಡುಕುವುದು ಇದರ ಉದ್ದೇಶ. ಆಗ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದವರು ನಮ್ಮ ಮಂಗಳೂರಿನ ಮಾರ್ಗರೇಟ್ ಆಳ್ವ. ರಾಜಸ್ಥಾನದಲ್ಲಿ ಬಿದಿರಿನ ಬಿಲ್ಲು ಹಿಡಿದು ಬೇಟೆಯಾಡುತ್ತಿದ್ದ ಹುಡುಗರ ನಡುವೆ ಲಿಂಬಾ ರಾಮ್ ಸಿಕ್ಕಿದ್ದು ಇದೇ ಯೋಜನೆಯಲ್ಲಿ. ಆತ ಬಿಲ್ಲುಗಾರನಾಗಿ ಮೂರು ಒಲಿಂಪಿಕ್ಸ್‌ಗೆ ಹೋದ.

ಕರ್ನಾಟಕದಲ್ಲಿ ಆ ಯೋಜನೆ ಹೋಗಿದ್ದು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಾಡುಗಳಿಗೆ, ಸಿದ್ದಿ ಸಮುದಾಯದ ಕಡೆಗೆ. ನೂರಾರು ವರ್ಷ ಹಿಂದೆ ಪೋರ್ಚುಗೀಸರು ಮತ್ತು ಅರಬ್ ವ್ಯಾಪಾರಿಗಳು ಆಫ್ರಿಕಾದಿಂದ ತಂದ ಜನರ ಮೊಮ್ಮಕ್ಕಳು ಅವರು. ಆಫ್ರಿಕಾದ ರಕ್ತ, ಹಾಗಾಗಿ ಓಟಗಾರರೇ ಇರಬೇಕು ಎಂಬುದು ಯೋಜನೆ ಮಾಡಿದವರ ಊಹೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಓಡಿಸಿದರು, ಜಿಗಿಸಿದರು, ಅಳೆದರು. ಆಯ್ಕೆಯಾದವರನ್ನು ಬೆಂಗಳೂರು ಮುಂತಾದ ಕಡೆಯ ಸಾಯ್ ಕೇಂದ್ರಗಳಿಗೆ ಕರೆದುಕೊಂಡು ಹೋದರು. ಕಾಡಿನ ಮನೆ ಬಿಟ್ಟು ಹೊರಗೆ ಹೋಗದ ಮಕ್ಕಳು ಮೊದಲ ಸಲ ಸಿಂಥೆಟಿಕ್ ಟ್ರ್ಯಾಕ್ ಕಂಡರು.

ಅವರು ಓಡಿದರು. ಕಮಲಾ ಸಿದ್ದಿ, ಜೂಜೆ ಜಾಕಿ ಹರ್ನೋಡ್ಕರ್ ಅಂಥವರು ರಾಷ್ಟ್ರ ಮಟ್ಟಕ್ಕೆ ಏರಿದರು. ಅಷ್ಟರಲ್ಲಿ, 1993ರ ಹೊತ್ತಿಗೆ, ಸಿದ್ದಿ ಮಕ್ಕಳ ಆ ಕಾರ್ಯಕ್ರಮವೇ ನಿಂತುಹೋಯಿತು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿತು. ಉಳಿದವರು ಮತ್ತೆ ಕಾಡಿನ ಮನೆಗೆ, ಗದ್ದೆಗೆ, ಕೂಲಿಗೆ.

ಈ ಕಥೆಯನ್ನು ನಾವು ಸ್ವಲ್ಪ ನಿಂತು ನೋಡಬೇಕು. ಇಲ್ಲಿ ಅಂಕ ಹಾಕಿದ್ದು ಎರಡು ಸಲ. ಒಂದು ಸ್ಟಾಪ್‌ವಾಚು ಹಾಕಿದ್ದು. ಅದಕ್ಕೂ ಮೊದಲು ಮೈಬಣ್ಣ ಮತ್ತು ಗುಂಗುರು ಕೂದಲು ನೋಡಿ ಹಾಕಿದ್ದು ಇನ್ನೊಂದು. ಸಿದ್ದಿ ಹುಡುಗನೊಬ್ಬನಿಗೆ ಓಟ ಇಷ್ಟವಿಲ್ಲ, ಲೆಕ್ಕ ಇಷ್ಟ ಎಂದಿದ್ದರೆ ಆ ಯೋಜನೆಯಲ್ಲಿ ಅದನ್ನು ಕೇಳುವವರು ಇರಲಿಲ್ಲ. ಸಮುದಾಯವನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಅವರ ಕಾಲಿನ ವೇಗವನ್ನು ಗುರುತಿಸಿ ಹದಿನಾರು ವರ್ಷ ಆದ ಮೇಲೆ. ಇನ್ನೊಂದು ವಿಷಯ, ಓಟಗಾರ ಮಾಗುವುದಕ್ಕೆ ಹತ್ತು ಹನ್ನೆರಡು ವರ್ಷ ಬೇಕು. ಗಿಡ ನೆಟ್ಟು ಆರನೇ ವರ್ಷಕ್ಕೆ ತೋಟ ಮಾರಿದರೆ ಬೆಳೆ ಬರಲಿಲ್ಲ ಅಂತ ಗಿಡವನ್ನು ಬೈಯುವ ಹಾಗಿಲ್ಲ. ಈಗ ಮುಂಡಗೋಡ ಕಡೆ ಹೊಸ ತಲೆಮಾರಿನ ಸಿದ್ದಿ ಮಕ್ಕಳು ಮತ್ತೆ ಓಡುತ್ತಿದ್ದಾರೆ, ಅದು ಸಂತೋಷ.

ಹೊರನಾಡಿನಿಂದ ಟೇಪಿನ ತನಕ

ಇಂದಿನ ಆಯ್ಕೆ ಪರೀಕ್ಷೆಗಳು ಆ 1980ರ ದಶಕದ ಪಟ್ಟಿಯ ಮಕ್ಕಳೇ. ಮೊದಲು ಎತ್ತರ, ತೂಕ. ಆಮೇಲೆ 30 ಮೀಟರ್ ಫ್ಲೈಯಿಂಗ್ ಸ್ಟಾರ್ಟ್, ಅಂದರೆ ಮಗು ಹಿಂದಿನಿಂದಲೇ ಓಡಿಕೊಂಡು ಬರುತ್ತದೆ, ಗೆರೆ ದಾಟಿದ ಮೇಲಿನ 30 ಮೀಟರಿಗೆ ಮಾತ್ರ ಗಡಿಯಾರ. ನಿಂತಲ್ಲಿಂದಲೇ ಉದ್ದ ಜಿಗಿತ. ಗೋಡೆ ಪಕ್ಕ ಬೆರಳಿಗೆ ಸುಣ್ಣ ಹಚ್ಚಿಕೊಂಡು ನಿಂತು ಒಂದು ಗುರುತು, ಜಿಗಿದು ಒಂದು ಗುರುತು, ನಡುವಿನ ಅಂತರವೇ ಅಂಕ. ಹತ್ತು ಮೀಟರ್ ಅಂತರದ ಎರಡು ಗೆರೆಗಳ ನಡುವೆ ಆರು ಸಲ ಓಡಾಟ. ಚೆಂಡು ಎಸೆತ. ಕೊನೆಗೆ 800 ಮೀಟರ್ ಓಟ. ಬಂದ ಅಳತೆಯನ್ನು ವಯಸ್ಸಿನ ಪಟ್ಟಿಗೆ ಹೊಂದಿಸಿ ಅಂಕ ಕೊಡುತ್ತಾರೆ. ಆಯಾ ಆಟದ ಕೌಶಲವನ್ನೂ ನೋಡುವುದುಂಟು.

ಈ ಪರೀಕ್ಷೆಯನ್ನು ಹೊರನಾಡಿನ ಮಗು ಬರೆಯುವುದನ್ನು ಯೋಚಿಸಿ. ಇಲ್ಲಿಂದ ಚಿಕ್ಕಮಗಳೂರಿಗೆ ಸುಮಾರು 100 ಕಿಲೋಮೀಟರ್, ಅದೂ ತಿರುವು ತಿರುವಿನ ದಾರಿ. ಬೆಳಗಿನ ಜಾವ ಎದ್ದು, ಬಸ್ಸಿನಲ್ಲಿ ಎರಡು ಸಲ ವಾಂತಿ ಮಾಡಿಕೊಂಡು, ಖಾಲಿ ಹೊಟ್ಟೆಯಲ್ಲಿ ಇಳಿದ ಮಗು 800 ಮೀಟರ್ ಓಡಬೇಕು. ಪಕ್ಕದಲ್ಲಿ ಓಡುವುದು ಜಿಲ್ಲಾ ಕ್ರೀಡಾಂಗಣದ ಎದುರು ಮನೆಯಿರುವ, ದಿನಾ ಅದೇ ಟ್ರ್ಯಾಕಿನಲ್ಲಿ ಓಡಿ ಅಭ್ಯಾಸವಿರುವ ಮಗು. ನಮ್ಮ ಕಡೆ ಸಮತಟ್ಟಾದ ಜಾಗ ಅಂದರೆ ಕಾಫಿ ಕಣ. ಕೊಯ್ಲಿನ ಕಾಲದಲ್ಲಿ ಅಲ್ಲಿ ಹಣ್ಣು ಒಣಗುತ್ತಿರುತ್ತದೆ, ಚೆಂಡು ಬಿದ್ದರೆ ಬೈಗುಳ. ಇನ್ನು ಶಾಲಾ ಕ್ರೀಡಾಕೂಟಗಳು ನಡೆಯುವುದು ಬಹುಪಾಲು ಮಳೆಗಾಲದಲ್ಲಿ. ಬಯಲುಸೀಮೆಗೆ ಅದು ಹಿತವಾದ ಹವೆ. ನಮಗೆ ಆಗ ಮೈದಾನ ಅಂದರೆ ಕೆಸರುಗದ್ದೆ. ವಲಯದಿಂದ ತಾಲ್ಲೂಕು, ಅಲ್ಲಿಂದ ಜಿಲ್ಲೆ, ಮೈಸೂರು ವಿಭಾಗ, ರಾಜ್ಯ ಎಂದು ಮೆಟ್ಟಿಲು ಹತ್ತುವ ಮಕ್ಕಳು ಅಭ್ಯಾಸ ಮಾಡಬೇಕಾದ ತಿಂಗಳಲ್ಲೇ ಕಳಸಕ್ಕೆ ಮಳೆ ಹೊಡೆಯುವುದು.

ಸ್ಟಾಪ್‌ವಾಚಿನ ಮೇಲೂ ಒಂದು ಮಾತು. ಕೈಗಡಿಯಾರದಲ್ಲಿ ಹಿಡಿದ ಸಮಯಕ್ಕೂ ವಿದ್ಯುತ್ ಗಡಿಯಾರದ ಸಮಯಕ್ಕೂ ಕಾಲು ಸೆಕೆಂಡಿನಷ್ಟು ವ್ಯತ್ಯಾಸ ಬರುತ್ತದೆಂದು ಓಟದ ಲೋಕದಲ್ಲಿ ಮೊದಲಿನಿಂದ ಒಪ್ಪಿದ ಲೆಕ್ಕವಿದೆ. ನೂರು ಮೀಟರಿಗೆ 0.24 ಸೆಕೆಂಡು ಸೇರಿಸಿ ಹೋಲಿಸುವುದು ವಾಡಿಕೆ. ನಾಲ್ಕೈದು ಸೆಕೆಂಡಿನಲ್ಲಿ ಮುಗಿಯುವ 30 ಮೀಟರ್ ಓಟದಲ್ಲಿ, ಅಳೆಯುವವರ ಹೆಬ್ಬೆರಳು ಒಂದಿಷ್ಟು ತಡವಾದರೆ ಮಗು ಪಟ್ಟಿಯಲ್ಲಿ ಕೆಳಗೆ ಜಾರುತ್ತದೆ.

ಇಷ್ಟೆಲ್ಲ ಅಳೆದರೂ ಫುಟ್‌ಬಾಲಿಗೆ ಬೇಕಾದ ಮುಖ್ಯ ವಿಷಯ ಉಳಿದೇ ಹೋಗುತ್ತದೆ. ಚೆಂಡು ತನ್ನ ಕಡೆ ಬರುವ ಮೊದಲೇ ತಲೆ ಎತ್ತಿ ಸುತ್ತ ನೋಡುವ ಹುಡುಗಿ, ಎರಡೂ ಕಾಲಲ್ಲಿ ಒದೆಯುವ ಹುಡುಗ, ಇವರು ಗೋಡೆ ಮೇಲಿನ ಸುಣ್ಣದ ಗುರುತಿನಲ್ಲಿ ಕಾಣುವುದಿಲ್ಲ. ಹಾಲೆಂಡಿನ ಅಯಾಕ್ಸ್ ಕ್ಲಬ್ಬು ಮಕ್ಕಳನ್ನು ನೋಡುವಾಗ ನಾಲ್ಕು ವಿಷಯ ಇಟ್ಟುಕೊಂಡಿತ್ತು: ತಂತ್ರ, ಆಟದ ಒಳನೋಟ, ಸ್ವಭಾವ, ವೇಗ. ನಮ್ಮ ಟೇಪು ಹಿಡಿಯುವುದು ಅದರಲ್ಲಿ ಕೊನೆಯದೊಂದನ್ನೇ. ಅಯಾಕ್ಸ್‌ನವರ ನಂಬಿಕೆಯೂ ಕುತೂಹಲದ್ದು. ತಂತ್ರ ಕಲಿಸಬಹುದು, ಸ್ವಭಾವ ಮತ್ತು ವೇಗ ಹುಟ್ಟಿನಿಂದಲೇ ಬರಬೇಕು ಅಂತ.

ಕೊಡಗಿನವರು ಇದಕ್ಕೆ ತಮ್ಮದೇ ಉಪಾಯ ಕಂಡುಕೊಂಡಿದ್ದಾರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಅಜ್ಜನಿಂದ ಮೊಮ್ಮಗಳ ತನಕ ಒಂದೇ ತಂಡದಲ್ಲಿ ಆಡುತ್ತಾರೆ, ಊರೆಲ್ಲ ನೋಡುತ್ತದೆ. ಅಲ್ಲಿ ಒಳ್ಳೆಯ ಆಟ ಆಡಿದ ಮಗು ಯಾರ ಕಣ್ಣಿಗೂ ಬೀಳದೆ ಹೋಗುವುದು ಕಷ್ಟ. ನಮ್ಮ ಜಿಲ್ಲೆಗೂ ಕೊಡಗಿಗೂ ಕಾಫಿ ಒಂದೇ, ಮಳೆ ಒಂದೇ, ಗುಡ್ಡ ಒಂದೇ.

ಜೂನ್ 1ರ ಮಕ್ಕಳು

ಎಲ್ಲ ಅಳತೆಯ ಕೆಳಗೆ ಕೂತಿರುವುದು ವಯಸ್ಸು. 5ನೇ ತರಗತಿಯ ಆಯ್ಕೆಗೆ ಜೂನ್ 1ಕ್ಕೆ 11 ವರ್ಷದ ಒಳಗಿರಬೇಕು, 8ನೇ ತರಗತಿಗೆ 14ರ ಒಳಗೆ. ಈಗ ನಿಮ್ಮ ಮನೆಯಲ್ಲಿ ನಲವತ್ತು ದಾಟಿದವರ ಆಧಾರ್ ಕಾರ್ಡ್ ತೆಗೆದು ನೋಡಿ. ಎಷ್ಟೋ ಜನರ ಹುಟ್ಟಿದ ದಿನ ಜೂನ್ ತಿಂಗಳಲ್ಲಿ, ಬಹಳಷ್ಟು ಜೂನ್ 1ಕ್ಕೇ ಇರುತ್ತದೆ. ಮಲೆನಾಡಿನಲ್ಲಿ ಅಷ್ಟು ಮಕ್ಕಳು ಒಂದೇ ದಿನ ಹುಟ್ಟಲಿಲ್ಲ. ಶಾಲೆಗೆ ಸೇರಿಸಲು ಹೋದಾಗ ‘ನಾಟಿ ಹೊತ್ತಿಗೆ ಹುಟ್ಟಿದ್ದು’, ‘ದೊಡ್ಡ ಮಳೆ ಬಂದ ವರ್ಷ’ ಎಂದ ಅಮ್ಮಂದಿರ ಮಾತು ಕೇಳಿ, ಮೇಷ್ಟ್ರು ಲೆಕ್ಕ ಹಾಕಿ, ಸೇರಿಸಲು ಅನುಕೂಲವಾಗುವ ದಿನಾಂಕ ಬರೆದರು. ಬರೆದವರಿಗೆ ಒಳ್ಳೆಯ ಮನಸ್ಸೇ ಇತ್ತು, ಮಗು ಒಂದು ವರ್ಷ ಮನೆಯಲ್ಲಿ ಕೂರದಿರಲಿ ಎಂದು.

ಆದರೆ ಮೈದಾನದಲ್ಲಿ ಆ ದಿನಾಂಕ ಬೇರೆಯೇ ಆಟ ಆಡುತ್ತದೆ. ಬೇಗ ಸೇರಿಸಲು ವಯಸ್ಸು ಹೆಚ್ಚು ಬರೆಸಿಕೊಂಡ ಮಗು ತನಗಿಂತ ದೊಡ್ಡವರ ಪಟ್ಟಿಗೆ ಹೋಲಿಕೆಯಾಗಿ ಸೋಲುತ್ತದೆ. ಕಡಿಮೆ ಬರೆಸಿದ ಮಗು ಸುಲಭವಾಗಿ ಗೆಲ್ಲುತ್ತದೆ. ಬೇಕೆಂದೇ ಕಡಿಮೆ ಬರೆಸುವವರೂ ಹುಟ್ಟಿಕೊಂಡರು, ಅದು ದೇಶಕ್ಕೆಲ್ಲ ಅಂಟಿದ ರೋಗ.

ದಾಖಲೆ ಸರಿಯಿದ್ದರೂ ಒಂದು ಎಡವಟ್ಟು ಇದೆ. ಕೆನಡಾದ ರೋಜರ್ ಬಾರ್ನ್ಸ್ಲಿ ಮತ್ತು ಜೊತೆಗಾರರು 1985ರಲ್ಲಿ ಅಲ್ಲಿನ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳು ನೋಡಿದರು. ಆಯ್ಕೆಯ ವರ್ಷ ಜನವರಿಗೆ ಶುರುವಾಗುವ ಆ ದೇಶದಲ್ಲಿ, ಮೇಲೆ ಬಂದವರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು. ಕಾರಣ ಸರಳ. ಒಂದೇ ಗುಂಪಿನಲ್ಲಿ ನಿಂತರೂ ಜನವರಿಯ ಮಗು ಡಿಸೆಂಬರ್ ಮಗುವಿಗಿಂತ ಹನ್ನೊಂದು ತಿಂಗಳು ದೊಡ್ಡದು. ಹತ್ತು ವರ್ಷದ ಮಗುವಿಗೆ ಅದು ಬದುಕಿನ ಹತ್ತನೇ ಒಂದು ಭಾಗ. ದೊಡ್ಡದಾಗಿ ಕಂಡಿತು, ಆರಿಸಿದರು, ಒಳ್ಳೆಯ ಕೋಚ್ ಸಿಕ್ಕಿದರು, ನಿಜಕ್ಕೂ ಚೆನ್ನಾಗಿ ಆಡತೊಡಗಿತು. ನಮ್ಮ ಜೂನ್ 1ರ ಗೆರೆಯ ಲೆಕ್ಕದಲ್ಲಿ, ಗೆರೆಯ ಒಳಗೆ ಆಗಷ್ಟೇ ಉಳಿದ ಜೂನ್ ಮಗುವಿಗೆ ಮೇ ಮಗುವಿಗಿಂತ ಇದೇ ಲಾಭ.

ಕಾಗದವನ್ನು ನಂಬದೆ ಕೊನೆಗೆ ಮೂಳೆಯನ್ನು ಕೇಳುವ ಕಾಲ ಬಂತು. ಮುಂಗೈ ಮೂಳೆಯ ತುದಿಯಲ್ಲಿ ಬೆಳೆಯುವ ಪದರವೊಂದು ಇರುತ್ತದೆ, ಹರೆಯ ಮುಗಿಯುವ ಹೊತ್ತಿಗೆ ಅದು ಮುಚ್ಚಿಕೊಳ್ಳುತ್ತದೆ. ನೈಜೀರಿಯಾದಲ್ಲಿ 2009ರಲ್ಲಿ ನಡೆದ 17 ವರ್ಷದೊಳಗಿನವರ ಫುಟ್‌ಬಾಲ್ ವಿಶ್ವಕಪ್‌ನಿಂದ ಫಿಫಾ ಮುಂಗೈಯ ಎಂಆರ್‌ಐ ತೆಗೆಸತೊಡಗಿತು. ನಮ್ಮ ಕ್ರಿಕೆಟ್ ಮಂಡಳಿ ಎಡ ಮುಂಗೈಯ ಎಕ್ಸ್-ರೇ ತೆಗೆದು, ಟ್ಯಾನರ್ ಮತ್ತು ವೈಟ್‌ಹೌಸ್ ಎಂಬವರ ಪದ್ಧತಿಯಲ್ಲಿ ಮೂಳೆಗೂ ಅಂಕ ಹಾಕುತ್ತದೆ. ಮೋಸ ಇದರಿಂದ ಕಡಿಮೆಯಾಯಿತು. ಆದರೆ ಆರೋಗ್ಯವಂತ ಮಕ್ಕಳಲ್ಲೂ ಮೂಳೆಯ ವಯಸ್ಸು ನಿಜ ವಯಸ್ಸಿಗಿಂತ ವರ್ಷದಷ್ಟು ಆಚೀಚೆ ಇರಬಹುದು. ಬೇಗ ಬೆಳೆದ ಪ್ರಾಮಾಣಿಕ ಹುಡುಗನೂ ಎಕ್ಸ್-ರೇಯಲ್ಲಿ ಸಿಕ್ಕಿಬೀಳುತ್ತಾನೆ.

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಕೀರ್ತಿ ಎಂಬ ಹೊಸ ಪ್ರತಿಭಾ ಶೋಧ ಯೋಜನೆ ತಂದಿತು, 9ರಿಂದ 18 ವರ್ಷದ ಮಕ್ಕಳಿಗೆ. ಅಂದರೆ ಹತ್ತಕ್ಕೆ ತಪ್ಪಿದವರಿಗೆ ಹದಿನಾರಕ್ಕೆ ಇನ್ನೊಂದು ಬಾಗಿಲು ಇದೆ, ಕನಿಷ್ಠ ಕಾಗದದ ಮೇಲೆ.

ಮೂರನೇ, ನಾಲ್ಕನೇ ತರಗತಿಯ ಮಕ್ಕಳಿರುವವರು ಒಂದು ಕೆಲಸ ಈಗಲೇ ಮಾಡಬಹುದು. ಜನನ ಪ್ರಮಾಣಪತ್ರದಲ್ಲಿರುವ ದಿನಾಂಕ, ಶಾಲೆಯ ದಾಖಲಾತಿ ಪುಸ್ತಕದಲ್ಲಿರುವುದು ಮತ್ತು ಆಧಾರ್‌ನಲ್ಲಿರುವುದು ಒಂದೇ ಇದೆಯಾ ಎಂದು ನೋಡಿಕೊಳ್ಳಿ. ಬೇರೆ ಇದ್ದರೆ ಆಯ್ಕೆಯ ದಿನ ಮೈದಾನದಲ್ಲಿ ಗೊತ್ತಾಗುವುದಕ್ಕಿಂತ ಶಾಲೆಯಲ್ಲೇ ಮೊದಲು ಗೊತ್ತಾಗಲಿ. ಜನನ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂದು, ಆ ವರ್ಷದ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು ಜನನ ಪ್ರಮಾಣಪತ್ರವೊಂದೇ ವಯಸ್ಸಿನ ದಾಖಲೆ. ನಾಟಿ ಹೊತ್ತು, ದೊಡ್ಡ ಮಳೆಯ ವರ್ಷ ಎಂಬ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಆ ಮಕ್ಕಳು 5ನೇ ತರಗತಿಯ ಆಯ್ಕೆಗೆ ಟೇಪಿನ ಮುಂದೆ ನಿಲ್ಲುವುದು 2034ರ ಹೊತ್ತಿಗೆ.